ನಡುಹಗಲಿನ ಗಂಟೆ

ಉಳುತ್ತಿದ್ದ ಮುದಿ ಎತ್ತು ನಡುಹಗಲಿಗೆ ಗಕ್ಕನೆ ನಿಂತಿತು.

"ಏನಜ್ಜಾ, ಕಾಲು ಸೋತಿತಾ? ಹೀಗೆ ನಿಂತರೆ ಒಡೆಯ ನಿನ್ನನ್ನು ಮಾರಿಬಿಡುತ್ತಾನೆ!" ಎಂದಿತು ಜೊತೆಯ ಎಳೆಯ ಎತ್ತು.

"ನಾನು ಹುಟ್ಟಿದೂರಿನಲ್ಲಿ ಈ ಹೊತ್ತಿಗೆ ಇಗರ್ಜಿಯ ಗಂಟೆ ಹೊಡೆಯುತ್ತಿತ್ತು. ಅಲ್ಲಿನ ಒಡೆಯ ಲಾದ್ರು ಪೊರ್ಬುಗಳು ತಲೆಯ ಮುಟ್ಟಾಳೆ ತೆಗೆದು ಮಾತೆ ಮರಿಯಮ್ಮನಿಗೆ ಪ್ರಾರ್ಥನೆ ಹೇಳುತ್ತಿದ್ದರು. ಅದು ಮುಗಿಯುವವರೆಗೆ ನಮಗೂ ಉಸಿರು ಸಿಗುತ್ತಿತ್ತು."

"ಇಲ್ಲಿ ಇಗರ್ಜಿಯೇ ಇಲ್ಲವಲ್ಲ!"

"ನನಗೆ ಕೇಳಿಸುತ್ತದೆ, ಮಗಾ."

ಒಡೆಯ ಬೈಯುತ್ತಾ ಬಾರುಕೋಲು ಎತ್ತಿದ. ಮುದಿ ಎತ್ತು ಕದಲಲಿಲ್ಲ. ಹೊಡೆಯಲು ಹತ್ತಿರ ಬಂದವನಿಗೆ, ನೊಗದಡಿ ಎಳೆಯ ಎತ್ತಿನ ಹೆಗಲ ಚರ್ಮ ಕಿತ್ತುಹೋಗಿ ರಕ್ತ ಜಿನುಗುತ್ತಿರುವುದು ಕಂಡಿತು. ಅವನು ಕೋಲು ಕೆಳಗಿಟ್ಟು ನೊಗ ಇಳಿಸಿದ.

ನೆರಳಿನಲ್ಲಿ ಮಲಗಿದ ಎಳೆಯ ಎತ್ತು ಮೆಲ್ಲಗೆ ಕೇಳಿತು: "ಅಜ್ಜಾ, ಗಂಟೆ ನಾಳೆಯೂ ಹೊಡೆಯುತ್ತದಾ?"