ಗೊಂಬೆ ಮೆಟ್ಟಿಲ ಮೇಲಿನ ಬೆಕ್ಕು

ಗೃಹಸ್ಥನಾದ ಶಿಷ್ಯನೊಬ್ಬ ಗುರುಗಳ ಬಳಿ ಬಂದು ಕೇಳಿದ: "ಗುರುಗಳೇ, ನಾನು ಚಿಕ್ಕವನಿದ್ದಾಗ ನಮ್ಮ ಮನೆಯಲ್ಲಿದ್ದ ಸಂತೋಷ ಈಗಿಲ್ಲ. ನನಗೂ ಮಕ್ಕಳಿದ್ದಾರೆ, ಹಬ್ಬಹುಣ್ಣಿಮೆಗಳೂ ತಪ್ಪದೆ ನಡೆಯುತ್ತವೆ. ಆದರೂ ಮನಸ್ಸು ಹಿಂದಕ್ಕೇ ಓಡುತ್ತದೆ. ಆ ಕಾಲ ಮತ್ತೆ ಸಿಗುವ ದಾರಿ ಯಾವುದು?"

ಗುರುಗಳು ಈ ಕತೆ ಹೇಳಿದರು.

ಒಂದೂರಿನಲ್ಲಿ ಒಬ್ಬ ಬಟ್ಟೆ ವ್ಯಾಪಾರಿ ಇದ್ದ. ಅವನ ತಾಯಿ ಇರುವವರೆಗೂ ನವರಾತ್ರಿಗೆ ಮನೆಯಲ್ಲಿ ಗೊಂಬೆ ಕೂರಿಸುತ್ತಿದ್ದಳು. ಅವಳು ತೀರಿಕೊಂಡ ಮೇಲೆ ಗೊಂಬೆಗಳು ಅಟ್ಟ ಸೇರಿದವು. ವರ್ಷಗಳು ಕಳೆದಂತೆ ವ್ಯಾಪಾರಿಗೆ ಆ ಹಬ್ಬದ ಹಂಬಲ ಹೆಚ್ಚಾಯಿತು. ಕೊನೆಗೊಂದು ಮಳೆಗಾಲದಲ್ಲಿ ಗೊಂಬೆಗಳನ್ನು ಕೆಳಗಿಳಿಸಿದ. ಅಂಗಡಿಯಿಂದ ಬಂದವನು ದಿನವೂ ಅವುಗಳ ಮುಂದೆ ಕೂರುತ್ತಿದ್ದ. ಮುರಿದ ಕೈಕಾಲು ಅಂಟಿಸಿದ, ಮಾಸಿದ ಮುಖಗಳಿಗೆ ಬಣ್ಣ ಹಚ್ಚಿದ, ರೇಷ್ಮೆಯ ತುಂಡುಗಳಲ್ಲಿ ಹೊಸ ಉಡುಪು ಹೊಲಿದ. ಅದೇ ಅವನ ಹವ್ಯಾಸವಾಯಿತು.

ಅವನ ಮಗಳು ಹೊನ್ನಿಯೂ ಅವಳ ತಮ್ಮನೂ ಬಣ್ಣದ ಕುಡಿಕೆಗೆ ಕೈ ಚಾಚಿದರೆ, "ಮುಟ್ಟಬೇಡಿ, ಕೆಡುತ್ತದೆ. ಇದೆಲ್ಲ ನಿಮಗಾಗಿಯೇ ಮಾಡುತ್ತಿರುವುದು" ಎನ್ನುತ್ತಿದ್ದ. ಮಕ್ಕಳು ದೂರ ಕೂತು ನೋಡುತ್ತಿದ್ದರು. ಬೇಸರವಾದಾಗ ಎದ್ದು ಹೋಗಿ, ಮನೆಯ ಬಸುರಿ ಬೆಕ್ಕಿನ ಜೊತೆ ಆಡುತ್ತಿದ್ದರು.

ಪಾಡ್ಯದ ದಿನ ಬಂತು. ವ್ಯಾಪಾರಿ ಮೆಟ್ಟಿಲು ಕಟ್ಟಿ, ಮೇಲೆ ಕೆಂಪು ಬಟ್ಟೆ ಹಾಸಿ, ತಾಯಿ ಇಡುತ್ತಿದ್ದ ಕ್ರಮದಲ್ಲೇ ಗೊಂಬೆಗಳನ್ನಿಟ್ಟ. ಪಟ್ಟದ ರಾಜರಾಣಿಯರು ಮೇಲೆ, ಸೈನಿಕರು, ಶೆಟ್ಟಿ, ಶೆಟ್ಟಿಯ ಹೆಂಡತಿ ಕೆಳಗೆ. ಕೇರಿಯವರನ್ನೆಲ್ಲ ಆರತಿಗೆ ಕರೆದಿದ್ದ. ಸ್ನಾನ ಮಾಡಿ, ಮಡಿ ಪಂಚೆ ಉಟ್ಟು ಬರುವಷ್ಟರಲ್ಲಿ ಬೆಕ್ಕು ಮೆಟ್ಟಿಲು ಹತ್ತಿತ್ತು. ಸೈನಿಕರು ಉರುಳಿ ಬಿದ್ದಿದ್ದರು. ಶೆಟ್ಟಿಯ ತಲೆ ಒಂದು ಕಡೆ, ಮೈ ಒಂದು ಕಡೆ. ಕೆಳಗಿನ ಮೆಟ್ಟಿಲ ಮೇಲೆ ಬೆಕ್ಕು ಮರಿ ಹಾಕುತ್ತಿತ್ತು.

ವ್ಯಾಪಾರಿ ಕೋಲು ತೆಗೆದುಕೊಂಡ. ಹೊನ್ನಿ ಓಡಿಬಂದು ಮೆಟ್ಟಿಲಿಗೆ ಅಡ್ಡ ನಿಂತಳು. ಅವಳು ಕದಲಲಿಲ್ಲ. ತಮ್ಮನು ಅಕ್ಕನ ಲಂಗ ಹಿಡಿದು ಅಳತೊಡಗಿದ.

ಹಬ್ಬಕ್ಕೆಂದು ಬಂದಿದ್ದ ವ್ಯಾಪಾರಿಯ ಸೋದರತ್ತೆ ಗೋಡೆಗೊರಗಿ ಹೂ ಕಟ್ಟುತ್ತಿದ್ದಳು. ಅವನು ಅವಳ ಕಡೆ ತಿರುಗಿ ಕೂಗಿದ: "ನೋಡಿದೆಯಾ ಅತ್ತೆ? ಅಮ್ಮನ ಕಾಲದಲ್ಲಿ ನಮ್ಮನೆ ಹಬ್ಬ ಹೀಗಿತ್ತೇ?"

"ಹೀಗೇ ಇತ್ತಲ್ಲಪ್ಪ," ಎಂದಳು ಅತ್ತೆ. "ನೀನು ಬೀದಿಯ ನಾಯಿಮರಿ ಎತ್ತಿಕೊಂಡು ಬಂದು, ರಾಜನ ಪೇಟ ಕಿತ್ತು ಅದಕ್ಕೆ ತೊಡಿಸಿ, ರಾಣಿಯ ಪಕ್ಕ ಕೂರಿಸಿದ್ದೆ. ಅದು ರಾಣಿಯ ಮೂಗು ಕಡಿದುಹಾಕಿತು. ನಮ್ಮಣ್ಣ ಹೊಡೆಯಲು ಬಂದ. ನಿಮ್ಮಮ್ಮ ನಿನ್ನನ್ನು ಸೆರಗಿನಲ್ಲಿ ಮುಚ್ಚಿಕೊಂಡು, ನಕ್ಕು ನಕ್ಕು ನೆಲದ ಮೇಲೆಯೇ ಕೂತುಬಿಟ್ಟಳು. ಆ ವರ್ಷದ ಹಬ್ಬವನ್ನು ನಾನು ಇನ್ನೂ ಮರೆತಿಲ್ಲ."

ವ್ಯಾಪಾರಿಗೆ ಆ ನಾಯಿಮರಿಯ ಬಿಸಿ ಹೊಟ್ಟೆ ಅಂಗೈಗೆ ತಾಕಿದಂತಾಯಿತು. ತಾಯಿಯ ಸೆರಗಿನ ಒಳಗಿನ ಅರಿಸಿನದ ವಾಸನೆಯೂ ನೆನಪಾಯಿತು. ಕೋಲು ಹಿಡಿದ ಕೈಯನ್ನು ಏನು ಮಾಡಬೇಕೋ ಅವನಿಗೆ ತಿಳಿಯಲಿಲ್ಲ. ಕೋಲನ್ನು ಗೋಡೆಗೆ ಒರಗಿಸಿ, ಹೆಗಲ ಮೇಲಿನ ಹೊಸ ವಲ್ಲಿ ತೆಗೆದು ಹೊನ್ನಿಯ ಕೈಗೆ ಕೊಟ್ಟ.

"ಮರಿಗಳಿಗೆ ಚಳಿಯಾದೀತು. ಹೊದಿಸು," ಎಂದ.

ಅವಳು ನಂಬದೆ ಅಪ್ಪನ ಮುಖ ನೋಡಿದಳು. ಆಮೇಲೆ ಇಬ್ಬರೂ ಮಕ್ಕಳು ಮೆಟ್ಟಿಲ ಮುಂದೆ ಮಂಡಿಯೂರಿದರು. ವ್ಯಾಪಾರಿಯೂ ಅವರ ನಡುವೆ ಕೂತ. ಸಂಜೆ ಆರತಿಗೆ ಬಂದ ಹೆಂಗಸರು ರಾಜರಾಣಿಯರನ್ನು ಒಮ್ಮೆ ನೋಡಿ, ಕೆಳಗಿನ ಮೆಟ್ಟಿಲ ಮುಂದೆಯೇ ಗುಂಪಾದರು.

ಗುರುಗಳು ಇಲ್ಲಿಗೆ ನಿಲ್ಲಿಸಿದರು. ಶಿಷ್ಯ ಕೇಳಿದ: "ಹಾಗಾದರೆ ಆ ವ್ಯಾಪಾರಿಗೆ ಹಳೆಯ ಕಾಲ ಮರಳಿ ಸಿಕ್ಕಿತೇ, ಗುರುಗಳೇ?"

ಗುರುಗಳು ಹೇಳಿದರು: "ನೀನು ಕೇಳುತ್ತಿರುವ ಆ ಕಾಲ ಈ ಹೊತ್ತು ನಿನ್ನ ಮನೆಯಲ್ಲಿ ನಿನ್ನ ಮಕ್ಕಳಿಗೆ ನಡೆಯುತ್ತಿದೆ, ನೀನು ಇಲ್ಲಿ ಬಂದು ಕೂತಿದ್ದೀಯೆ."

ಶಿಷ್ಯ ಎದ್ದು ಮನೆಯ ಕಡೆ ಹೊರಟ.