ಐದು ಹೂವಿನ ತೂಕ

ನಿಜವಾದ ರಾಜಕುಮಾರಿ ಐದು ಹೂವಿನಷ್ಟೇ ತೂಗುತ್ತಾಳೆಂದು ಆ ರಾಜ್ಯದ ಹಳೆಯ ಕಥೆ ಹೇಳುತ್ತಿತ್ತು; ತೂಗಿ ನೋಡಿದವರು ಯಾರೋ ತಿಳಿಯದು. ಅದನ್ನು ನಂಬಿ ರಾಜಕುಮಾರಿ ಕನಕಮಾಲೆ ಅರೆಹೊಟ್ಟೆಯಲ್ಲಿರುತ್ತಿದ್ದಳು. ಅವಳ ಗೆಳತಿ, ಹೂವಾಡಗಿತ್ತಿ ಸಿಂಗಾರಿ, ಕದ್ದು ಉಣಿಸುತ್ತಿದ್ದಳು.

ಆಸ್ಥಾನಪಂಡಿತರಿಗೆ ಇದು ತಿಳಿಯಿತು. "ನಾಳೆ ಸಭೆಯಲ್ಲಿ ರಾಜಕುಮಾರಿಯನ್ನು ತೂಗುತ್ತೇವೆ. ಐದು ಹೂವಿಗಿಂತ ಭಾರವಾಗಿದ್ದರೆ ನೀನು ರಾಜ್ಯ ಬಿಡಬೇಕು. ಹೂವು ನೀನೇ ತಾ," ಎಂದು ಸಿಂಗಾರಿಗೆ ಹೇಳಿದರು.

ಮರುದಿನ ಸಿಂಗಾರಿ ತಕ್ಕಡಿಯಲ್ಲಿ ಐದು ಬಾಳೆಹೂವುಗಳನ್ನಿಟ್ಟಳು, ಕಾಯಿ ತುಂಬಿದ ಗೊನೆಗಳ ಸಮೇತ.

"ಇದೇನೇ ಇದು? ಗೊನೆ ಕತ್ತರಿಸು!" ಎಂದು ಪಂಡಿತರು ಕೂಗಿದರು.

"ಕತ್ತರಿಸಬೇಕೆಂದು ಕಥೆಯಲ್ಲಿದೆಯೇ, ಸ್ವಾಮಿ?"

ಪಂಡಿತರು ರಾಜಕುಮಾರಿಯನ್ನು ಇನ್ನೊಂದು ತಟ್ಟೆಯಲ್ಲಿ ಕೂರಿಸಿದರು. ಅವಳ ತಟ್ಟೆ ಮೇಲೇರಿತು.

ಸಿಂಗಾರಿ ಗೆಳತಿಯ ಕೈ ಹಿಡಿದು ಇಳಿಸಿದಳು. "ಐದು ಹೂವಿನಷ್ಟೂ ಇಲ್ಲವಲ್ಲೇ, ಕನಕಾ! ಬಾ, ಊಟ ಮಾಡು. ಕಥೆ ಸುಳ್ಳಾಗಬಾರದು, ಪಂಡಿತರೇ ಬಡಿಸುತ್ತಾರೆ."