ಬೋರಲಿಂಗ ಪಟ್ಟಿ ಓಡಿಸಿದ್ದು

ಇದ್ದಳಪ್ಪ ಒಬ್ಬಳು ದೇವೀರಮ್ಮ, ಇದ್ದನಪ್ಪ ಅವಳಿಗೊಬ್ಬ ಮಗ ಬೋರಲಿಂಗ. ಮೀಸೆ ಬಂದಿತ್ತು, ಬುದ್ಧಿ ದಾರಿಯಲ್ಲೇ ನಿಂತಿತ್ತು. ಆದರೆ ಹೇಳಿದ್ದನ್ನು ಹೇಳಿದ ಹಾಗೇ ಮಾಡುತ್ತಿದ್ದ. ಅದೇ ನೋಡಿ ಬಂದ ಕಷ್ಟ!

ಊರ ಶಾಲೆಯಲ್ಲಿ ಬಿಸಿಯೂಟಕ್ಕೆ ಅಡುಗೆಯವಳು ಬೇಕಾಗಿತ್ತು. ದೇವೀರಮ್ಮನಿಗೆ ಎಷ್ಟೋ ವರ್ಷದ ಆಸೆ. ಸೌಟು ಹಿಡಿದರೆ ನೂರು ಜನಕ್ಕೆ ಒಬ್ಬಳೇ ಬೇಯಿಸಿ ಬಡಿಸುವ ಹೆಂಗಸು! ಆದರೆ ಅರ್ಜಿ ಕಂಪ್ಯೂಟರಿನಲ್ಲೇ ಹಾಕಬೇಕು, ಇವತ್ತು ಸಂಜೆ ಐದಕ್ಕೆ ಕೊನೆ. ಸೋದರಮಾವ ಬಿಟ್ಟುಹೋದ ಹಳೇ ಕಂಪ್ಯೂಟರಿನ ಮುಂದೆ ಬೋರಲಿಂಗ ಕೂತ.

ತೆರೆದರೆ ಪರದೆಯೇ ಕಾಣದು! ಬ್ರೌಸರಿನ ತುಂಬ ಜಾಹೀರಾತಿನ ಅಡ್ಡಪಟ್ಟಿಗಳು: ಲಾಟರಿಯ ಪಟ್ಟಿ, ಸೀರೆ ರಿಯಾಯಿತಿಯ ಪಟ್ಟಿ, ಜಾತಕದ ಪಟ್ಟಿ, ಒಂದರ ಮೇಲೊಂದು. ಅರ್ಜಿಗೆ ಉಳಿದದ್ದು ಎರಡೇ ಬೆರಳು ಜಾಗ.

“ಇವೆಲ್ಲ ಎಲ್ಲಿಂದ ಬಂದ್ವೋ?”

“ನಿನ್ನೆ ಅರ್ಜಿ ಹುಡುಕ್ತಿದ್ದಾಗ ಒಂದೊಂದೂ ‘ಒಳಗೆ ಬರಲಾ?’ ಅಂತ ಕೇಳ್ತು ಕಣವ್ವ. ಬಾಗಿಲಿಗೆ ಬಂದೋರಿಗೆ ಇಲ್ಲ ಅನ್ನಬಾರದು ಅಂದಿದ್ಯಲ್ಲ. ಬಾ ಅಂದೆ.”

“ಅಯ್ಯೋ ನನ್ನ ಕರ್ಮವೇ! ಕಳಿಸೋ ಆಚೆಗೆ!”

ಕಳಿಸಿದ. ಹುಡುಕಿ ಹುಡುಕಿ ತೆಗೆದ. ಹೋಗುವಾಗ ಒಂದೊಂದೂ ‘ಮತ್ತೆ ಬರಲಾ?’ ಅಂತ ಕೇಳಿತು. ಹೊರಟವರಿಗೆ ಬರೀ ‘ಹೋಗು’ ಅನ್ನುವುದುಂಟೇ? ‘ಹೂಂ, ಹೋಗಿ ಬಾ’ ಅಂತ ಒತ್ತಿದ. ಮೂರು ಹೋದವು, ಆರು ಬಂದವು. ಪರದೆಯ ನಡುವೆ ಜಾಹೀರಾತಿನವಳೊಬ್ಬಳು ಹಲ್ಲುಪುಡಿ ಹಿಡಿದು ಕುಣಿಯತೊಡಗಿದಳು.

“ಅವೇನು ನೆಂಟರೇನೋ, ಪೆದ್ದೇ? ಇನ್ನು ಏನು ಕೇಳಿದ್ರೂ ಬೇಡ ಅನ್ನು! ಬೇಡ, ಬೇಡ, ಬೇಡ!”

ಸರಿ. ಮತ್ತೆ ತೆಗೆಯಹೋದ. ಮೊದಲ ಪಟ್ಟಿ ಕೇಳಿತು: ‘ನನ್ನನ್ನು ನಿಜವಾಗಿ ತೆಗೆಯಬೇಕೇ?’ ಬೇಡ, ಅಂದ. ಎರಡನೆಯದು ಕೇಳಿತು. ಬೇಡ. ಆರಕ್ಕೂ ಬೇಡ ಅಂದು ಕೈಕಟ್ಟಿ ಕೂತ. ಅಷ್ಟರಲ್ಲಿ ನಾಲ್ಕು ಗಂಟೆ.

ದೇವೀರಮ್ಮನಿಗೆ ಅಳುವೇ ಬಂತು. ಪಕ್ಕದ ಮನೆಯ ಟೈಪಿಂಗ್ ಮೇಷ್ಟ್ರು ಮರಿಸ್ವಾಮಿಯನ್ನು ಕರೆತಂದಳು. ಮೇಷ್ಟ್ರು ಆರನ್ನೂ ಕಿತ್ತರು, ಬ್ರೌಸರ್ ಮುಚ್ಚಿ ತೆರೆದರು. ಪರದೆ ಸಾರಿಸಿದ ಅಂಗಳದಂತಾಯಿತು.

“ನೋಡೋ ಬೋರ, ಸಣ್ಣ ಚೌಕದಲ್ಲಿ ಟಿಕ್ ಇರುತ್ತಲ್ಲ, ಈ ಪೀಡೆಗಳು ಬರೋದು ಅದರಿಂದಲೇ. ಎಲ್ಲಿ ಟಿಕ್ ಕಂಡ್ರೂ ಮೊದಲು ತೆಗಿ, ಆಮೇಲೆ ಒತ್ತು!”

“ಆಗ್ಲಿ ಸಾ.”

ಅರ್ಜಿ ತುಂಬಿದ್ದು ದೇವೀರಮ್ಮನೇ. ಮಗ ಓದಿದ, ಅವಳು ಮೌಸು ಹಿಡಿದಳು. ‘ಅಡುಗೆ ಬರುತ್ತದೆ’, ಟಿಕ್. ‘ಕೈ ತೊಳೆದು ಬಡಿಸುತ್ತೇನೆ’, ಟಿಕ್. ‘ಈ ಕೆಲಸ ನನಗೆ ಬೇಕು’, ಟಿಕ್.

“ದೇವರಿಗೊಂದು ದೀಪ ಹಚ್ಚಿ ಬರ್ತೀನಿ, ನೀನು ಕಳಿಸಪ್ಪ,” ಅಂದು ಒಳಗೆ ಹೋದಳು. ಮೇಷ್ಟ್ರು ಜಗಲಿಯಲ್ಲಿ ಎಲೆಅಡಿಕೆ ಹಾಕುತ್ತಿದ್ದರು.

ಬಂದು ನೋಡಿದರೆ ಮಗ ಹಲ್ಲು ಕಿರಿಯುತ್ತಿದ್ದ.

“ಕಳಿಸಿದ್ಯಾ?”

“ಕಳಿಸಿದೆ! ಉತ್ತರಾನೂ ಬಂತು!”

ಮೇಷ್ಟ್ರು ಒಳಗೆ ಬಂದು ಕನ್ನಡಕ ಏರಿಸಿ ಓದಿದರು: “ದೇವೀರಮ್ಮ. ಅಡುಗೆ ಬರುವುದಿಲ್ಲ. ಕೈ ತೊಳೆಯುವುದಿಲ್ಲ. ಕೆಲಸ ಬೇಕಾಗಿಲ್ಲ. ಅರ್ಜಿ ಸ್ವೀಕರಿಸಲಾಗಿದೆ, ಇನ್ನು ತಿದ್ದುವಂತಿಲ್ಲ.”

ದೇವೀರಮ್ಮ ಕಡ್ಡಿಪೆಟ್ಟಿಗೆ ಹಿಡಿದೇ ನೆಲಕ್ಕೆ ಕೂತಳು.

“ಯಾಕವ್ವ ಅಳ್ತೀಯಾ?” ಅಂದ ಬೋರಲಿಂಗ. “ಮೂರೂ ಟಿಕ್ ತೆಗೆದೇ ಒತ್ತಿದ್ದು ಕಣೆ. ನೋಡು, ಒಂದು ಪಟ್ಟಿನಾದ್ರೂ ಒಳಗೆ ಬಂದಿದ್ಯಾ?”